ಲಾರಿ ಡ್ರೈವರ್ ಬರೀ ಗಾಡಿ ಓಡಿಸ್ತಾರಾ?

"ಸ್ಟೀರಿಂಗ್ ತಿರುಗಿಸೋದು ಬಿಟ್ಟು ಲಾರಿ ಡ್ರೈವರ್‌ಗೆ ಅಂಥದ್ದೇನು ಕೆಲಸ?" ಅಂತ ಕೇಳಿದ್ದೀರಿ.

ಕೋಲಾರದ ಟೊಮೆಟೊ ನೋಡಿ. ಮಂಡಿಯಲ್ಲಿ 15 ಕೆಜಿ ಬಾಕ್ಸ್ ಹರಾಜಾಗಿ ಲಾರಿ ಹತ್ತಿದರೆ ದೆಹಲಿಗೆ 2,000 ಕಿಮೀಗೂ ಜಾಸ್ತಿ. ಹಣ್ಣು ಯಾರಿಗೂ ಕಾಯುವುದಿಲ್ಲ. ಮಳೆ ಬಂದರೆ ಟಾರ್ಪಾಲಿನ ಹಗ್ಗ ಬಿಗಿಯಬೇಕು, ಬಿಸಿಲಾದರೆ ಗಾಳಿಯಾಡಲು ಸಡಿಲ ಬಿಡಬೇಕು. ಊಟಕ್ಕೆ ನಿಲ್ಲಿಸಿದಾಗ ಟೈರಿಗೆ ರಾಡಿನಿಂದ ತಟ್ಟಿ, ಸದ್ದು ಕೇಳಿಯೇ ಗಾಳಿ ಇಳಿದಿರುವುದನ್ನು ಹಿಡಿಯುವವರಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಪೇಪರ್ ತೋರಿಸುವವರೂ ಅವರೇ, ಒಂದು ಬಾಕ್ಸ್ ಜಜ್ಜಿಹೋದರೆ ಬೈಸಿಕೊಳ್ಳುವವರೂ ಅವರೇ.

ಇನ್ನು ಕಾಯುವ ಕೆಲಸ. ಗೋಡೌನ್ ಗೇಟಿನ ಮುಂದೆ ಅನ್‌ಲೋಡಿಂಗ್‌ಗೆ ಒಂದಿಡೀ ದಿನ ಹೋಗಬಹುದು. ಟ್ರಿಪ್ ಲೆಕ್ಕದಲ್ಲಿ ದುಡಿಯುವವರಿಗೆ ಆ ದಿನದ ಸಂಬಳ ಸುಮ್ನೆ ಹೋದಂತೆ. ಶೌಚಾಲಯ, ಸ್ನಾನದ ವ್ಯವಸ್ಥೆಯೂ ಎಲ್ಲ ಕಡೆ ಇರಲ್ಲ.

ದೇಶದ ಸರಕಿನಲ್ಲಿ ಸುಮಾರು 70% ರಸ್ತೆಯಲ್ಲೇ ಸಾಗುತ್ತದೆ. ಆದರೂ ಅವರ ನೆನಪಾಗೋದು ಗಾಡಿ ನಿಂತಾಗಲೇ, ಅಲ್ವಾ? 2024ರ ಜನವರಿ ಮೊದಲ ವಾರ ನೆನಪಿದೆಯಾ? ಹಿಟ್ ಅಂಡ್ ರನ್‌ಗೆ 10 ವರ್ಷದವರೆಗೆ ಜೈಲು ಎಂಬ ಹೊಸ ಕಾನೂನಿನ ವಿರುದ್ಧ ಹಲವು ರಾಜ್ಯಗಳಲ್ಲಿ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. ಒಂದೆರಡು ದಿನಕ್ಕೇ ಎಷ್ಟೋ ಊರುಗಳ ಪೆಟ್ರೋಲ್ ಬಂಕ್ ಮುಂದೆ ಉದ್ದುದ್ದ ಕ್ಯೂ.

ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದ್ದು 2025ರಲ್ಲಿ. ಒಳ್ಳೆಯದೇ. ಆದರೆ ಹಳೇ ಗಾಡಿಯವರು ಇವತ್ತಿಗೂ ಇಂಜಿನ್ ಕಾವಿನ ಪಕ್ಕದಲ್ಲೇ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದಾರೆ.