ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವವರಿಗೆ

ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗದಿಂದ ಉಡುಪಿಗೆ ಕಾರಿನಲ್ಲಿ ಹೊರಟಿದ್ದೇವೆ, ಈ ಮಳೆಯಲ್ಲಿ ಆಗುಂಬೆ ಘಾಟಿ ಪರವಾಗಿಲ್ವಾ, ದಾರಿಯಲ್ಲಿ ಪ್ರಾಣಿ ಏನಾದರೂ ಕಾಣುತ್ತಾ ಅಂತ ಕೇಳಿದ್ದೀರಿ. ಎರಡಕ್ಕೂ ಉತ್ತರ ಹೌದು. ಆದರೆ ನೀವು ಅಂದುಕೊಂಡ ಪ್ರಾಣಿಗಳಲ್ಲ, ನೀವು ಅಂದುಕೊಂಡ ಜಾಗದಲ್ಲೂ ಅಲ್ಲ.

ಹೋದ ವರ್ಷ ಜುಲೈನಲ್ಲಿ ನಾವು ಅದೇ ದಾರಿಯಲ್ಲಿ ಹೋಗಿದ್ದೆವು. ಪ್ರವಾಸ ಏನಲ್ಲ, ಮಾವನವರ ಕಣ್ಣಿನ ಪೊರೆ ತೋರಿಸಲು. ಕಾರಿನಲ್ಲಿ ನಾನು, ಹೆಂಡತಿ, ಮಗಳು, ಮಾವ. ಕಣ್ಣು ಮಂಜು ಅನ್ನುವ ಮಾವನೇ ಅವತ್ತು ಎಲ್ಲವನ್ನೂ ಮೊದಲು ಕಂಡಿದ್ದು ಅನ್ನುವುದು ಬೇರೆ ಮಾತು.

ಮೊದಲು ಮಂಡಗದ್ದೆ. ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ಇದೆ, ತಪ್ಪಿಸಬೇಡಿ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಹೊಳೆ ತುಂಬಿದಾಗ ಮರದ ಬುಡವೆಲ್ಲ ಕೆಂಪು ನೀರಿನಲ್ಲಿ, ಮೇಲೆ ಹಕ್ಕಿಗಳ ಸಂತೆ. ಹತ್ತು ನಿಮಿಷ ಸಾಕು.

ತೀರ್ಥಹಳ್ಳಿಯಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳಿ. ಅಲ್ಲಿಂದ ಮುಂದೆ ನೆಟ್‌ವರ್ಕ್ ನಂಬಬೇಡಿ.

ಆಗುಂಬೆ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ರಸ್ತೆಗೆ ಅಡ್ಡಲಾಗಿ ಒಂದು ಕೊಂಬೆ ಬಿದ್ದಿತ್ತು. ದೊಡ್ಡದೇನಲ್ಲ. ಎಳೆದು ಬದಿಗೆ ಹಾಕೋಣ ಅಂತ ಇಳಿದೆ. ಕೈ ಇಡುವಷ್ಟರಲ್ಲಿ ಹಿಂದಿನಿಂದ ಮಾವ ಕೂಗಿದರು, "ಕೈ ಹಾಕ್ಬೇಡಿ ಮಾರಾಯ್ರೆ!" ನನಗೆ ಎಲೆ ಬಿಟ್ಟು ಏನೂ ಕಾಣಲಿಲ್ಲ. ಅವರು ಕೊಡೆಯ ತುದಿಯಿಂದ ತೋರಿಸಿದ ಮೇಲೆ ಗೊತ್ತಾಯಿತು. ಎರಡು ಅಡಿಯೂ ಇಲ್ಲದ ಒಂದು ಹಾವು, ಪಾಚಿ ಹಿಡಿದ ತೊಗಟೆಯದೇ ಬಣ್ಣ, ತ್ರಿಕೋನದ ತಲೆ. ಮಲಬಾರ್ ಗುಳಿಮಂಡಲ. ಇದು ಹಸಿರು, ಹಳದಿ, ಕಂದು, ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ, ಹಾಗಾಗಿ ಗದ್ದಲ ಮಾಡಿದರೆ ಓಡಿಹೋಗುತ್ತದೆ ಅಂತ ತಿಳಿಯಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಿಸಿದ್ದು. ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ, ಕಾಳಿಂಗವೂ ಇಲ್ಲ. ಅದಕ್ಕೇ ಹೇಳುವುದು, ಮಳೆಗಾಲದಲ್ಲಿ ಬಿದ್ದ ಕೊಂಬೆಗೆ ಬರಿಗೈ ಹಾಕಬೇಡಿ. ಡಿಕ್ಕಿಯಲ್ಲಿ ಉದ್ದನೆಯ ಕೋಲೋ ಹಗ್ಗವೋ ಇರಲಿ. ನಾವು ಉದ್ದ ಕೋಲಿನಿಂದ ಕೊಂಬೆಯನ್ನು ಹಾವಿನ ಸಮೇತ ಮೆಲ್ಲಗೆ ಚರಂಡಿಯ ಆಚೆ ಸರಿಸಿದೆವು. ಅದು ತಲೆ ಕೂಡ ಎತ್ತಲಿಲ್ಲ.

ಅಲ್ಲಿಂದ ಮುಂದೆ ನಾನು 30ರ ಮೇಲೆ ಓಡಿಸಲಿಲ್ಲ. ಹೆದರಿಕೆ ಅಂತಲೇ ಇಟ್ಟುಕೊಳ್ಳಿ. ಆದರೆ ನಿಧಾನವಾದ ಮೇಲೆ ರಸ್ತೆಯೇ ಬೇರೆ ಥರ ಕಾಣತೊಡಗಿತು. ಒದ್ದೆ ಟಾರಿನ ಮೇಲೆ ಅಲ್ಲಲ್ಲಿ ಎದ್ದ ಕಲ್ಲು ಅಂದುಕೊಂಡಿದ್ದೆಲ್ಲ ಕಪ್ಪೆ. ಒಂದು ಕಡೆ ಗೇಣುದ್ದದ, ನೀಲಿ ಮಿಶ್ರಿತ ಕಂದು ಬಣ್ಣದ ಎರೆಹುಳದಂಥದ್ದು ದಾಟುತ್ತಿತ್ತು. ಪಕ್ಕದಲ್ಲಿ ಹಳದಿ ಗೆರೆ. ಮಾವ ಇದೂ ಒಂದು ಜಾತಿ ಹಾವು ಅಂದರು. ಮನೆಗೆ ಬಂದು ಫೋಟೋ ತೋರಿಸಿ ವಿಚಾರಿಸಿದೆ. ಹಾವೂ ಅಲ್ಲ, ಹುಳವೂ ಅಲ್ಲ, ಸಿಸಿಲಿಯನ್. ಕಪ್ಪೆಯ ದೂರದ ನೆಂಟ, ಕಾಲಿಲ್ಲ ಅಷ್ಟೇ. ಮಣ್ಣಿನೊಳಗೇ ಬದುಕುವ ಜೀವ, ಜೋರು ಮಳೆಗೆ ಮೇಲೆ ಬರುತ್ತದೆ. ಅಷ್ಟು ವರ್ಷ ಆ ರಸ್ತೆಯಲ್ಲಿ ಎಷ್ಟರ ಮೇಲೆ ಚಕ್ರ ಹತ್ತಿಸಿದ್ದೇನೋ.

ಆಗುಂಬೆಯಲ್ಲಿ ಸೂರ್ಯಾಸ್ತದ ಜಾಗಕ್ಕೆ ಹೋಗಿ ಸುಮ್ನೆ ಸಮಯ ಕಳೆಯಬೇಡಿ, ಮಂಜಿನ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಬಿಸಿ ಕಷಾಯ ಕುಡಿದು ಹೊರಡಿ. ಮಕ್ಕಳಿಗೆ ಏನಾದರೂ ತೋರಿಸಬೇಕು ಅಂದರೆ ನಿಂತ ನೀರಿನ ಮೇಲೆ ಬಾಗಿದ ಗಿಡಗಳನ್ನು ನೋಡಿ. ಎಲೆಗಳ ನಡುವೆ ಸೋಪಿನ ನೊರೆಯಂಥ ಉಂಡೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಮೊಟ್ಟೆ ಒಡೆದ ಗೊದಮೊಟ್ಟೆಗಳು ನೇರ ಕೆಳಗಿನ ನೀರಿಗೆ ಬೀಳುತ್ತವೆ. ಮುಟ್ಟಲು ಬಿಡಬೇಡಿ.

ಇನ್ನು ಘಾಟಿ. 14 ಹೇರ್‌ಪಿನ್ ತಿರುವು, ಸೋಮೇಶ್ವರದವರೆಗೆ. ಜೋರು ಮಳೆಗಾಲದಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವುದುಂಟು, ಗುಡ್ಡ ಜರಿದರೆ ಎಲ್ಲರನ್ನೂ ನಿಲ್ಲಿಸುತ್ತಾರೆ. ಆಗುಂಬೆಯಲ್ಲೇ ಕೇಳಿಕೊಂಡು ಇಳಿಯಿರಿ. ಎರಡನೇ ಗೇರ್, ಬ್ರೇಕ್ ಮೇಲೆ ಕಾಲು ಒತ್ತಿಕೊಂಡೇ ಇರಬೇಡಿ. ಹತ್ತುವ ಗಾಡಿಗೆ ದಾರಿ ಬಿಡಿ. ಮಂಜಿನಲ್ಲಿ ಲೈಟ್ ಡಿಮ್ ಇರಲಿ, ಹೈ ಬೀಮ್ ಹಾಕಿದರೆ ಮಂಜೇ ಕಣ್ಣಿಗೆ ಹೊಡೆಯುತ್ತದೆ. ಗಾಜು ಒಳಗಿನಿಂದ ಮಸುಕಾದರೆ ಚಳಿಯಾದರೂ ಎಸಿ ಹಾಕಿ.

ನಮಗೆ ಮಂಜಿನೊಳಗೆ ಮೊದಲು ಕಂಡಿದ್ದು ನಾಲ್ಕು ಬಿಳಿ ಕಾಲುಚೀಲ. ಅದರ ಮೇಲೆ ಏನೂ ಇಲ್ಲ! ಇನ್ನೂ ಹತ್ತಿರ ಹೋದ ಮೇಲೆ ಕಾಡುಕೋಣದ ಮೈ ಮೂಡಿತು. ಕಪ್ಪು ಮೈ ಮಂಜಿನ ಕತ್ತಲಲ್ಲಿ ಮುಚ್ಚಿಹೋಗುತ್ತದೆ, ಮೊಣಕಾಲ ಕೆಳಗಿನ ಬಿಳಿ ಮಾತ್ರ ಉಳಿಯುತ್ತದೆ. ನೆನಪಿಡಿ, ದೊಡ್ಡ ಗಂಡು ಸಾವಿರ ಕಿಲೋ ಹತ್ತಿರ ತೂಗುತ್ತದೆ. ಹಾರನ್ ಒತ್ತಬೇಡಿ, ಲೈಟ್ ಮಿನುಗಿಸಬೇಡಿ, ಇಳಿಯಲೇಬೇಡಿ. ನಿಂತಲ್ಲೇ ನಿಲ್ಲಿ, ಹಿಂದಿನ ಗಾಡಿಗೆ ಗೊತ್ತಾಗಲು ಇಂಡಿಕೇಟರ್ ಎರಡೂ ಹಾಕಿ. ಆರೇಳು ನಿಮಿಷ ನಮ್ಮನ್ನೇ ನೋಡಿ, ಮೂಗು ಊದಿ, ಗುಡ್ಡ ಹತ್ತಿಹೋಯಿತು. ಒಂದು ದಾಟಿದ ಕೂಡಲೇ ಹೊರಡಬೇಡಿ, ಹಿಂದೆ ಇನ್ನೂ ಇರಬಹುದು. ನಮ್ಮಲ್ಲಿ ಮತ್ತೆ ಎರಡು ಬಂದವು.

ಸಿಂಗಳೀಕ ಕಂಡರೆ ಮಕ್ಕಳು ಚಿಪ್ಸ್ ಎಸೆಯದಂತೆ ನೋಡಿಕೊಳ್ಳಿ. ಮರದ ಮೇಲೇ ಇರಬೇಕಾದದ್ದು ತಿಂಡಿಯ ಆಸೆಗೆ ರಸ್ತೆಗಿಳಿದು ಚಕ್ರದಡಿ ಸಿಗುತ್ತದೆ.

ಕೊನೆಗೆ ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಇಳಿದ ಕಡೆಯೆಲ್ಲ ಹತ್ತುತ್ತವೆ. ಒಂದು ಡಬ್ಬಿಯಲ್ಲಿ ಉಪ್ಪು ಇಟ್ಟುಕೊಳ್ಳಿ, ಕಾರು ಹತ್ತುವ ಮೊದಲು ಬೆರಳ ಸಂದಿ, ಚಪ್ಪಲಿ ಪಟ್ಟಿ ಎಲ್ಲ ನೋಡಿಕೊಳ್ಳಿ. ರಕ್ತ ಬೇಗ ನಿಲ್ಲುವುದಿಲ್ಲ, ಗಾಬರಿ ಬೇಡ, ಒತ್ತಿ ಹಿಡಿಯಿರಿ. ನಾವೆಲ್ಲ ನೋಡಿಕೊಂಡೆವು, ಎಲ್ಲರದ್ದನ್ನೂ ಕಂಡುಹಿಡಿದ ಮಾವನ ಕಾಲು ಮಾತ್ರ ಯಾರೂ ನೋಡಲಿಲ್ಲ. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾಗ ಬಿಳಿ ಟೈಲ್ಸ್ ಮೇಲೆ ರಕ್ತ ಹನಿಯತೊಡಗಿತು. ನರ್ಸ್ ಕಿರುಚಿದರು. ಮಾವ ಕಣ್ಣು ಅಲುಗಿಸದೆ ಹೇಳಿದರು, "ಎಂತದ್ದೂ ಇಲ್ಲಮ್ಮ, ಉಂಬಳ. ಸ್ವಲ್ಪ ಉಪ್ಪಿದ್ರೆ ಕೊಡಿ."