ಶಾಲೆ ಮತ್ತೆ ತೆರೆಯುವಾಗ ಮೊದಲು ಬರಬೇಕಾದವರು ಚಿಕ್ಕವರು

ನೀವು ಕೇಳಿದ್ದು ಎರಡು ಪ್ರಶ್ನೆ. ಇನ್ನೊಂದು ಮಹಾಮಾರಿ ಬಂದು ಶಾಲೆಗಳನ್ನು ಮುಚ್ಚಿದರೆ, ಮತ್ತೆ ತೆರೆಯುವ ಮುಂಚೆ ಅಪಾಯವನ್ನು ತೂಗೋದು ಹೇಗೆ ಅನ್ನೋದು ಒಂದು. ಮೂರನೇ ಕ್ಲಾಸಿನ ಮಗ, 72 ವರ್ಷದ ಅತ್ತೆ ಇಬ್ಬರೂ ಒಂದೇ ಮನೆಯಲ್ಲಿರುವಾಗ ಮಗನನ್ನು ಕಳಿಸೋದಾ ಬೇಡವಾ ಅನ್ನೋದು ಇನ್ನೊಂದು. ನಾನು ಗಣಿತದ ಮೇಷ್ಟ್ರು. ಕೋವಿಡ್ ಸಮಯದಲ್ಲಿ ನಮ್ಮ ಶಾಲೆ ತೆರೆಯೋದು ಹೇಗೆ ಅಂತ ಯೋಚಿಸಲು ಮಾಡಿದ ಆರು ಜನರ ಸಮಿತಿಯಲ್ಲಿ ಇದ್ದೆ. ಸರಿ ಮಾಡಿದ್ದಕ್ಕಿಂತ ತಪ್ಪು ಮಾಡಿದ್ದೇ ಜಾಸ್ತಿ ನೆನಪಿದೆ. ಅದನ್ನೇ ಹೇಳ್ತೀನಿ.

ಮೊದಲ ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ತೆರೆದರೆ ಸೇಫಾ?" ಒಂದೂವರೆ ಗಂಟೆ ಇದರಲ್ಲೇ ಹೋಯಿತು. ಸೇಫ್ ಅಂತ ಬರೆದುಕೊಡಲು ಯಾರೂ ತಯಾರಿರಲಿಲ್ಲ. ಒಂದು ತಿಂಗಳು ಮುಂದೂಡಿದೆವು. ಆಮೇಲೆ ಮತ್ತೊಂದು ತಿಂಗಳು. ಮುಚ್ಚಿಟ್ಟರೂ ಮಕ್ಕಳಿಗೆ ಅಪಾಯ ಇದೆಯಲ್ಲ ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತೆರೆದ ಶಾಲೆಯಲ್ಲಿ ಒಂದು ಮಗುವಿಗೆ ಸೋಂಕು ಬಂದರೆ ಅದು ಸುದ್ದಿ. ಮುಚ್ಚಿದ ಶಾಲೆಯ ನೂರು ಮಕ್ಕಳಿಗೆ ಓದೋದು ಮರೆತುಹೋದರೆ ಅದು ಸುದ್ದಿಯಲ್ಲ. ಸಮಿತಿಯಲ್ಲಿ ಕೂತವರಿಗೆ ಮುಂದೂಡೋದೇ ಸುಲಭ, ಯಾರೂ ಬೈಯಲ್ಲ.

ಈಗ ಅದೇ ಸಭೆ ನಡೆದರೆ ನಾನು ಮೊದಲು ಕೇಳೋದು, ಈ ರೋಗ ಯಾವ ವಯಸ್ಸಿನವರಿಗೆ ಕೆಟ್ಟದ್ದು ಅಂತ. ಎಲ್ಲ ರೋಗವೂ ಕೋವಿಡ್ ತರ ಇರಲ್ಲ. 1918ರ ಫ್ಲೂ 20ರಿಂದ 40ರ ಒಳಗಿನ ಗಟ್ಟಿಮುಟ್ಟಾದವರನ್ನೇ ಜಾಸ್ತಿ ಬಲಿ ತೆಗೆದುಕೊಂಡಿತು. 2009ರ ಎಚ್‌1ಎನ್‌1 ವಯಸ್ಸಾದವರಿಗಿಂತ ಮಕ್ಕಳನ್ನು, ಯುವಕರನ್ನು ಹೆಚ್ಚು ಕಾಡಿತು. ಮುಂದೆ ಬರೋದು ಮಕ್ಕಳಿಗೇ ಮಾರಕವಾದ ರೋಗವಾದರೆ ನಾನು ಇಲ್ಲಿ ಬರೆಯುತ್ತಿರುವುದೆಲ್ಲ ತಲೆಕೆಳಗಾಗುತ್ತೆ, ದಯವಿಟ್ಟು ಮರೆತುಬಿಡಿ.

ಕೋವಿಡ್‌ನಲ್ಲಿ ಲಸಿಕೆ ಬರುವ ಮುಂಚಿನ ಲೆಕ್ಕ ಹೀಗಿತ್ತು. ಸೋಂಕು ತಗಲಿದ ಹತ್ತು ವರ್ಷದ ಮಕ್ಕಳಲ್ಲಿ ಸಾಯುವ ಸಾಧ್ಯತೆ ಸುಮಾರು 0.002%, ಅಂದರೆ ಐವತ್ತು ಸಾವಿರಕ್ಕೆ ಒಂದು. 55 ವರ್ಷದವರಲ್ಲಿ 0.4%, ಅಂದರೆ 250ಕ್ಕೆ ಒಂದು. 65ಕ್ಕೆ 1.4%, 75ಕ್ಕೆ 4.6%. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಷ್ಟು ದಿನ ನಾವು ಹೆದರಿದ್ದು ಬೆಂಚಿನಲ್ಲಿ ಕೂರುವವರಿಗಾಗಿ. ನಿಜವಾಗಿ ಹೆದರಬೇಕಿದ್ದದ್ದು ಬೋರ್ಡಿನ ಹತ್ತಿರ ನಿಲ್ಲುವವರಿಗಾಗಿ, ಗೇಟಿನ ಹತ್ತಿರ ಕೂರುವ ವಾಚ್‌ಮನ್‌ಗಾಗಿ, ಮನೆಯಲ್ಲಿರುವ ಅಜ್ಜ ಅಜ್ಜಿಯರಿಗಾಗಿ.

ಮಕ್ಕಳಿಗೆ ಏನೂ ಆಗಲ್ಲ ಅಂತ ಇದರ ಅರ್ಥ ಅಲ್ಲ. ಸೋಂಕು ವಾಸಿಯಾದ ಎರಡರಿಂದ ಆರು ವಾರದ ಮೇಲೆ ಕೆಲವು ಮಕ್ಕಳಿಗೆ ಹೃದಯ, ಕರುಳು ಎಲ್ಲ ಊದಿಕೊಂಡು ಐಸಿಯು ಸೇರುವ ಪರಿಸ್ಥಿತಿ ಬಂತು. ಅಪರೂಪ, ಆದರೆ ಬಂತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ಮೇಲಿನ ಸರಾಸರಿ ಅನ್ವಯಿಸಲ್ಲ. ಅಂಥ ಮಕ್ಕಳ ವಿಷಯ ಅವರ ಡಾಕ್ಟರ್ ಹೇಳಿದಂತೆ ಆಗಬೇಕು, ಸಮಿತಿ ಹೇಳಿದಂತೆ ಅಲ್ಲ.

ಎರಡನೆಯದು, ಹೊರಗೆ ಎಷ್ಟು ರೋಗ ಇದೆ ಅನ್ನೋದು. ಶಾಲೆ ದ್ವೀಪ ಅಲ್ಲ. ನಿಮ್ಮ ಸುತ್ತಮುತ್ತ ಸಾವಿರಕ್ಕೆ ಒಬ್ಬರಿಗೆ ಈಗ ಹರಡುವಂಥ ಸೋಂಕು ಇದೆ ಅಂದುಕೊಳ್ಳಿ. 30 ಮಕ್ಕಳ ಕ್ಲಾಸಿನಲ್ಲಿ ಅಂಥವರು ಒಬ್ಬರಾದರೂ ಇರುವ ಸಾಧ್ಯತೆ 3%. 500 ಮಕ್ಕಳ ಶಾಲೆಯಲ್ಲಿ 39%. ಈಗ ಸಾವಿರಕ್ಕೆ ಒಂದರ ಬದಲು ನೂರಕ್ಕೆ ಒಂದು ಮಾಡಿ. ಕ್ಲಾಸಿನಲ್ಲಿ 26%. ಶಾಲೆಯಲ್ಲಿ 99% ದಾಟುತ್ತೆ. ಹತ್ತನೇ ಕ್ಲಾಸಿನವರಿಗೆ ಸಂಭವನೀಯತೆ ಪಾಠ ಮಾಡುವಾಗ ನಾನು ಈಗಲೂ ಇದೇ ಲೆಕ್ಕ ಕೊಡ್ತೀನಿ. ದಾಳದ ಲೆಕ್ಕಕ್ಕಿಂತ ಬೇಗ ಅರ್ಥವಾಗುತ್ತೆ. ನೂರಕ್ಕೆ ಒಂದು ಇರುವಾಗ "ನಮ್ಮ ಶಾಲೆಗೆ ಬರದಿದ್ದರೆ ಸಾಕು" ಅನ್ನೋದು ಬರೀ ಆಸೆ. ಅದು ಬಂದೇ ಬರುತ್ತೆ. ಬಂದ ಒಂದು, ಹತ್ತಾಗುತ್ತದೋ ಇಲ್ಲವೋ ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಶಾಲೆ ತೆರೆದ ಮೊದಲ ವಾರ, ಎರಡನೇ ಕ್ಲಾಸಿನ ಟೀಚರ್ ರಜೆ ಅಂತ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಆ ಮಕ್ಕಳು ಒಂದನೇ ಕ್ಲಾಸಿನ ಬೆಂಚೇ ನೋಡಿರಲಿಲ್ಲ. ಹೆಸರು ಬರೆಯಿರಿ ಅಂದೆ. ಒಬ್ಬ ಹುಡುಗ ಪೆನ್ಸಿಲನ್ನು ಐದೂ ಬೆರಳಲ್ಲಿ, ಮುಷ್ಟಿ ಕಟ್ಟಿ ಹಿಡಿದುಕೊಂಡ. ಹೆಸರಿನ ಮೊದಲ ಅಕ್ಷರ ಬರೆದ, ನಿಲ್ಲಿಸಿದ. ಆಮೇಲೆ ನೋಟ್‌ಬುಕ್ಕಿನ ಹಾಳೆಯ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸರಿಸಿದ. ಮೊಬೈಲಿನಲ್ಲಿ ಸ್ಕ್ರೀನ್ ಸರಿಸ್ತೀವಲ್ಲ, ಹಾಗೆ. ಅಕ್ಕಪಕ್ಕದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ಇದು ನಮ್ಮೊಂದು ಶಾಲೆಯ ಕಥೆ ಅಲ್ಲ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 160 ಕೋಟಿ ಮಕ್ಕಳು ಶಾಲೆಯಿಂದ ಹೊರಗಿದ್ದರು. ಮೂರರಿಂದ 17 ವರ್ಷದವರಲ್ಲಿ ಮೂರನೇ ಎರಡು ಭಾಗದಷ್ಟು ಮಕ್ಕಳ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ ಅಂತ ಯುನಿಸೆಫ್ ಅದೇ ವರ್ಷ ಲೆಕ್ಕ ಕೊಟ್ಟಿತು. ಇಂಟರ್ನೆಟ್ ಇದ್ದವರ ಕಥೆಯೂ ಅಷ್ಟಕ್ಕಷ್ಟೇ. ನೆದರ್ಲೆಂಡ್ಸ್ ಆ ವರ್ಷ ಶಾಲೆ ಮುಚ್ಚಿದ್ದು ಎಂಟು ವಾರ ಮಾತ್ರ, ಮನೆಮನೆಗೂ ಒಳ್ಳೆ ಇಂಟರ್ನೆಟ್ ಇರುವ ದೇಶ. ಆದರೂ ಮಕ್ಕಳು ಸರಾಸರಿ ಒಂದು ಶಾಲಾವರ್ಷದ ಐದನೇ ಒಂದು ಭಾಗದಷ್ಟು ಹಿಂದೆ ಬಿದ್ದರು. ಅಂದರೆ ಹೆಚ್ಚುಕಡಿಮೆ ಆ ಎಂಟು ವಾರ ಮನೆಯಲ್ಲಿ ಏನೂ ಕಲಿಯಲೇ ಇಲ್ಲ. ಅಪ್ಪ ಅಮ್ಮ ಜಾಸ್ತಿ ಓದಿಲ್ಲದ ಮನೆಗಳಲ್ಲಿ ನಷ್ಟ 60%ವರೆಗೂ ಹೆಚ್ಚು. ಅಲ್ಲೇ ಹೀಗಾದರೆ ಒಂದು ವರ್ಷ, ಒಂದೂವರೆ ವರ್ಷ ಮುಚ್ಚಿದ ಕಡೆ ಹೇಗಿರಬೇಡ?

ನನ್ನ ಮುಖ್ಯ ಜಗಳ ಇರೋದು ಇಲ್ಲೇ. ನಾವು ಮೊದಲು ಕರೆಸಿದ್ದು ಹತ್ತನೇ ಕ್ಲಾಸನ್ನು, ಪರೀಕ್ಷೆ ಇದೆ ಅಂತ. ಬಹಳ ಕಡೆ ಹೀಗೇ ಮಾಡಿದರು. ಆಗ ಸರಿ ಅನ್ನಿಸಿತ್ತು. ಈಗ ಉಲ್ಟಾ ಅನ್ನಿಸುತ್ತೆ. ಹದಿನೈದು ವರ್ಷದವರು ಸ್ಕ್ರೀನ್ ನೋಡಿಕೊಂಡು, ಅರ್ಧಂಬರ್ಧವಾದರೂ, ಒಬ್ಬರೇ ಕಲಿಯಬಲ್ಲರು. ಆರು ವರ್ಷದವರಿಗೆ ಆಗಲ್ಲ. ಕೋವಿಡ್‌ನ ಮೊದಲ ವರ್ಷದಲ್ಲಿ ಸೋಂಕು ತಗಲುವ ಸಾಧ್ಯತೆಯೂ ಹತ್ತರ ಒಳಗಿನವರಿಗೆ ಕಡಿಮೆ, ದೊಡ್ಡ ಹುಡುಗರಿಗೆ ಹೆಚ್ಚುಕಡಿಮೆ ದೊಡ್ಡವರಷ್ಟೇ ಇತ್ತು. ಕಲಿಕೆ ನೋಡಿದರೂ ಚಿಕ್ಕವರೇ ಮೊದಲು, ರೋಗ ನೋಡಿದರೂ ಚಿಕ್ಕವರೇ ಮೊದಲು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ತೆರೆದಾಗ ಮಾಡಿದ್ದು ಇದನ್ನೇ. ಐದನೇ ಕ್ಲಾಸಿನವರೆಗೆ ಮಾತ್ರ, ಸಣ್ಣ ಸಣ್ಣ ಗುಂಪು, ಆದಷ್ಟು ಪಾಠ ಬಯಲಿನಲ್ಲಿ.

ಇಸ್ರೇಲ್ ಮೇ 17ರಂದು ಎಲ್ಲ ಕ್ಲಾಸುಗಳನ್ನೂ ಪೂರ್ತಿ ತೆರೆಯಿತು. ಎರಡು ದಿನಕ್ಕೆ ಬಿಸಿಗಾಳಿ ಶುರುವಾಯಿತು, ಮಾಸ್ಕ್ ತೆಗೆಯಬಹುದು ಅಂದರು. ಎಸಿ ಓಡುತ್ತಿತ್ತು, ಒಂದು ಕೋಣೆಯಲ್ಲಿ 35ಕ್ಕೂ ಹೆಚ್ಚು ಮಕ್ಕಳು. ಜೆರುಸಲೇಮಿನ ಒಂದು ಹೈಸ್ಕೂಲಿನಲ್ಲಿ ಹತ್ತೇ ದಿನದಲ್ಲಿ ಗೊತ್ತಾಯಿತು: 153 ವಿದ್ಯಾರ್ಥಿಗಳಿಗೆ, 25 ಸಿಬ್ಬಂದಿಗೆ ಸೋಂಕು. ಎರಡು ದೇಶದ ರೋಗದ ಮಟ್ಟ, ಹವಾಮಾನ ಬೇರೆ ಬೇರೆ, ಹಾಗಾಗಿ ನೇರ ಹೋಲಿಸೋದು ಪೂರ್ತಿ ನ್ಯಾಯ ಅಲ್ಲ. ಆದರೂ ತೆರೆದರಾ ಇಲ್ಲವಾ ಅನ್ನೋದಕ್ಕಿಂತ ಹೇಗೆ ತೆರೆದರು ಅನ್ನೋದೇ ದೊಡ್ಡದು ಅಂತ ನನಗೆ ಮನವರಿಕೆಯಾಗಿದ್ದು ಈ ಎರಡನ್ನು ನೋಡಿ.

"ಹೇಗೆ" ಅನ್ನೋದರಲ್ಲಿ ನಾವು ದುಡ್ಡು ಸುರಿದದ್ದು ಸ್ಯಾನಿಟೈಸರ್‌ಗೆ, ಬೆಂಚು ಒರೆಸುವ ಔಷಧಿಗೆ, ಹಣೆಗೆ ಹಿಡಿಯುವ ಥರ್ಮಾಮೀಟರಿಗೆ. ಲಕ್ಷಣ ಕಾಣುವ ಎರಡು ದಿನ ಮುಂಚಿನಿಂದಲೇ ಹರಡುವ ರೋಗಕ್ಕೆ ಜ್ವರ ನೋಡಿ ಏನು ಪ್ರಯೋಜನ? ನನ್ನ ಕ್ಲಾಸಿನ ಎರಡು ಕಿಟಕಿ ಮಾತ್ರ, ಯಾವಾಗಲೋ ಬಣ್ಣ ಬಳಿದಾಗ ಚೌಕಟ್ಟಿಗೆ ಅಂಟಿಕೊಂಡದ್ದು, ಹಾಗೇ ಇದ್ದವು.

ಆಮೇಲೆ ಯಾರೋ ಪೋಷಕರು ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ಒಂದನ್ನು ತಂದುಕೊಟ್ಟರು. ಅಂಗೈ ಅಗಲದ ಡಬ್ಬಿ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಆ ಅನಿಲ ಎಷ್ಟು ಭಾಗ ಅಂತ ಹೇಳುತ್ತೆ. ಹೊರಗಿನ ಗಾಳಿಯಲ್ಲಿ ಸುಮಾರು 420 ತೋರಿಸುತ್ತೆ. ನನ್ನ ಮೇಜಿನ ಮೇಲಿಟ್ಟು ಪಾಠ ಶುರುಮಾಡಿದೆ. ಹತ್ತು ನಿಮಿಷಕ್ಕೆ 900. ಭಾಗಾಕಾರ ಮುಗಿಸುವ ಹೊತ್ತಿಗೆ 1,500. ಬೆಲ್ ಹೊಡೆದಾಗ 2,000. ಆ ಅಂಕಿಗೆ ಅರ್ಥ ಏನು ಗೊತ್ತಾ? ನೀವು ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು 4% ಆಗಲೇ ಕ್ಲಾಸಿನ ಯಾರದೋ ಶ್ವಾಸಕೋಶದೊಳಗೆ ಹೋಗಿ ಬಂದದ್ದು. ಇಪ್ಪತ್ತೈದು ಉಸಿರಿಗೆ ಒಂದು ಉಸಿರು ಇನ್ನೊಬ್ಬರ ಎಂಜಲು ಅಂದಹಾಗೆ. ಮಕ್ಕಳಿಗೆ ಹಾಗೇ ಹೇಳಿದೆ, ಎಲ್ಲರೂ "ಛೀ" ಅಂದರು. ಮಾರನೇ ದಿನ ಸ್ಕ್ರೂಡ್ರೈವರ್ ತಂದು ಆ ಎರಡು ಕಿಟಕಿ ಕಿತ್ತು ತೆಗೆದೆವು. ಎದುರಿನ ಬಾಗಿಲೂ ತೆರೆದಿಟ್ಟರೆ ಮೀಟರ್ 800ರ ಆಸುಪಾಸು ನಿಲ್ಲುತ್ತಿತ್ತು, ಅಂದರೆ ನೂರಕ್ಕೆ ಒಂದು ಉಸಿರು. ಖರ್ಚು ಹೆಚ್ಚುಕಡಿಮೆ ಸೊನ್ನೆ. ಒಂದು ಬಾಗಿಲಿನ ಹಿಡಿ ಮಾತ್ರ ಮುರಿಯಿತು.

ಗಾಳಿಯೊಂದೇ ಸಾಲದು ಅನ್ನೋದಕ್ಕೂ ಒಂದು ಉದಾಹರಣೆ ಇದೆ. 2021ರ ಮೇನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ, ಲಸಿಕೆ ಹಾಕಿಸಿಕೊಳ್ಳದ ಟೀಚರ್ ಒಬ್ಬರು ಮೈ ಸರಿ ಇಲ್ಲದಿದ್ದರೂ ಎರಡು ದಿನ ಪಾಠ ಮಾಡಿದರು. ಮಕ್ಕಳಿಗೆ ಗಟ್ಟಿಯಾಗಿ ಓದಿಹೇಳುವಾಗ ಮಾಸ್ಕ್ ತೆಗೆಯುತ್ತಿದ್ದರು. ಕಿಟಕಿ ಬಾಗಿಲು ತೆರೆದೇ ಇತ್ತು, ಗಾಳಿ ಸೋಸುವ ಯಂತ್ರವೂ ಇತ್ತು, ಡೆಸ್ಕುಗಳ ಮಧ್ಯೆ ಆರು ಅಡಿ. ಪರೀಕ್ಷೆ ಮಾಡಿಸಿದ 22 ಮಕ್ಕಳಲ್ಲಿ 12 ಜನಕ್ಕೆ ಬಂತು. ಮುಂದಿನ ಎರಡು ಸಾಲಿನ ಹತ್ತು ಮಕ್ಕಳಲ್ಲಿ ಎಂಟು ಜನಕ್ಕೆ. ಆ ಟೀಚರನ್ನು ಬೈಯೋದು ಸುಲಭ. ಬರೀ ಮೂಗು ಸೋರಿಕೆ, ತಲೆನೋವು ಅಂತ ನಾವೆಲ್ಲ ಎಷ್ಟು ಸಲ ಕೆಲಸಕ್ಕೆ ಹೋಗಿಲ್ಲ? ರಜೆ ಹಾಕಿದರೆ ಸಂಬಳ ಕಟ್ ಆಗುತ್ತೆ, ಬದಲಿ ಟೀಚರ್ ಇಲ್ಲ ಅನ್ನೋ ಕಡೆ ಇದು ಆಗೇ ಆಗುತ್ತೆ. ಹುಷಾರಿಲ್ಲದವರಿಗೆ ಸಂಬಳದ ಸಮೇತ ರಜೆ ಕೊಡೋದೂ ರೋಗ ತಡೆಯುವ ಕ್ರಮವೇ.

ನಮ್ಮ ಶಾಲೆಯಲ್ಲಿ ಒಮ್ಮೆ ಐದು ಜನಕ್ಕೆ ಒಟ್ಟಿಗೆ ಬಂದಾಗ ಎಲ್ಲರೂ ಮಕ್ಕಳ ಮೇಲೆ ಅನುಮಾನಪಟ್ಟರು. ಹುಡುಕಿ ನೋಡಿದರೆ ಹಬ್ಬಿದ್ದು ಸ್ಟಾಫ್ ರೂಮಿನಲ್ಲಿ, ಮಾಸ್ಕ್ ತೆಗೆದು ಒಟ್ಟಿಗೆ ಊಟ ಮಾಡುವಾಗ. ಕ್ಲಾಸಿನಲ್ಲಿ ಅಷ್ಟು ಶಿಸ್ತು, ಇಲ್ಲಿ ಹೀಗೆ. ಸ್ವೀಡನ್ನಿನಲ್ಲಿ 2020ರ ಮೊದಲ ಅಲೆಯಲ್ಲಿ ಒಂಬತ್ತನೇ ಕ್ಲಾಸಿನವರೆಗಿನ ಶಾಲೆ ತೆರೆದೇ ಇತ್ತು, ಅದರ ಮೇಲಿನವರಿಗೆ ಆನ್‌ಲೈನ್. ಶಾಲೆಗೆ ಹೋಗಿ ಪಾಠ ಮಾಡಿದ ಮೇಷ್ಟ್ರುಗಳಿಗೆ ಮನೆಯಿಂದ ಮಾಡಿದವರಿಗಿಂತ ಎರಡು ಪಟ್ಟು ಸೋಂಕು. ಮಕ್ಕಳು ಶಾಲೆಗೆ ಹೋಗುತ್ತಿದ್ದ ಮನೆಗಳ ಅಪ್ಪ ಅಮ್ಮಂದಿರಿಗೆ 17% ಮಾತ್ರ ಹೆಚ್ಚು. ಲಸಿಕೆ ಬಂದರೆ ಸಾಲಿನಲ್ಲಿ ಮೇಷ್ಟ್ರುಗಳು ಮುಂದೆ ಇರಬೇಕು ಅಂತ ನಾನು ಹೇಳೋದು ಈ ಕಾರಣಕ್ಕೆ. ಸ್ವಾರ್ಥವೂ ಇದೆ, ಇಲ್ಲ ಅನ್ನಲ್ಲ.

ನಿಮ್ಮ ಶಾಲೆಯವರಿಗೆ ಕೇಳಬೇಕಾದ ಒಂದು ಮಾತಿದೆ. ಯಾವಾಗ ಮತ್ತೆ ಮುಚ್ಚುತ್ತೀರಿ ಅಂತ, ತೆರೆಯುವ ಮುಂಚೆಯೇ ಬರೆಸಿಕೊಳ್ಳಿ. ಒಂದು ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಬಂದರೆ ಆ ಕ್ಲಾಸು ಮಾತ್ರ ಮನೆಗೆ, ಎಷ್ಟು ದಿನ, ಯಾವಾಗ ಇಡೀ ಶಾಲೆ. ನಾವು ಬರೆದಿಟ್ಟಿರಲಿಲ್ಲ. ಆ ಐದು ಜನಕ್ಕೆ ಬಂದ ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಕೂಗಾಡಿಕೊಂಡು ತೀರ್ಮಾನ ಮಾಡಿದೆವು. ಹಾಗೆ ಹೆದರಿಕೊಂಡು ಮುಚ್ಚಿದ ಶಾಲೆ ತೆರೆಯಲು ಏಳು ವಾರ ಹಿಡಿಯಿತು.

ಇನ್ನು ನಿಮ್ಮ ಅತ್ತೆಯವರ ವಿಷಯ. ನಮ್ಮ ಅಮ್ಮನಿಗೆ ಆಗ 74. ನಾನು ದಿನಾ ನೂರು ಮಕ್ಕಳ ಮಧ್ಯೆ ಇದ್ದು ಬರುತ್ತಿದ್ದೆ, ಹಾಗಾಗಿ ಯೋಚಿಸದ ದಿನ ಇಲ್ಲ. ಲಸಿಕೆ ಸಿಗುವ ಕಾಲವಾದರೆ ಮಗ ಶಾಲೆಗೆ ಹೋಗುವ ಎರಡು ವಾರ ಮುಂಚೆ ಅವರ ಡೋಸ್ ಮುಗಿದಿರಲಿ. ಇನ್ನೂ ಬಂದಿಲ್ಲ, ಹೊರಗೆ ನೂರಕ್ಕೆ ಒಬ್ಬರಿಗೆ ಇದೆ ಅಂದರೆ, ನಾನಾಗಿದ್ದರೆ ಕೆಲವು ವಾರ ಕಳಿಸುತ್ತಿರಲಿಲ್ಲ. ಸಾವಿರಕ್ಕೆ ಒಬ್ಬರಿಗೆ ಇಳಿದಿದೆ, ಕ್ಲಾಸಿನ ಕಿಟಕಿ ತೆರೆದಿರುತ್ತೆ ಅಂದರೆ ಕಳಿಸುತ್ತಿದ್ದೆ. ಅಜ್ಜಿ ಮೊಮ್ಮಗ ಬೇರೆ ಕೋಣೆಯಲ್ಲಿ ಮಲಗಲಿ. ಊಟ ಸ್ವಲ್ಪ ದಿನ ಬೇರೆ ಬೇರೆ ಹೊತ್ತಿಗೆ ಆಗಲಿ. ಮಾತು ವರಾಂಡದಲ್ಲೋ ತಾರಸಿಯಲ್ಲೋ ಆದಷ್ಟೂ ಆಗಲಿ, ಬಯಲು ಗಾಳಿಗೆ ಯಾವ ಮೀಟರೂ ಬೇಡ. ನಮ್ಮ ಅಮ್ಮ ಒಂದು ವಾರ ಇದೆಲ್ಲ ಪಾಲಿಸಿದರು, ಎಂಟನೇ ದಿನ ನನ್ನ ಮಗಳಿಗೆ ಜಡೆ ಹಾಕುತ್ತಾ ಕೂತಿದ್ದರು. ಕಿಟಕಿ ತೆರೆದು ಬಂದೆ, ಇನ್ನೇನು ಮಾಡೋದು. ಅದಕ್ಕೇ ಅತ್ತೆಯವರನ್ನೇ ಒಮ್ಮೆ ಕೂರಿಸಿಕೊಂಡು ಕೇಳಿ. ಅಪಾಯ ಅವರದ್ದು, ಅವರ ಲೆಕ್ಕ ನಿಮ್ಮದಕ್ಕಿಂತ ಬೇರೆ ಇರಬಹುದು.