ಇಸವಿ ನೆನಪಿರುತ್ತೆ, ಪ್ಲೇಟೋ ತಲೆಗೆ ಹತ್ತಲ್ಲ: ಪ್ರತಿಕ್ರಿಯೆ

ಗ್ರೀಕ್ ಇತಿಹಾಸ, ತತ್ವಶಾಸ್ತ್ರ ಎರಡೂ ಒಟ್ಟಿಗೆ ಓದುವಾಗ ಒಂದಕ್ಕೊಂದು ಕೂಡಿಕೊಳ್ಳುತ್ತಿಲ್ಲ ಅಂದಿದ್ದೀರಿ. ಬಹುಶಃ ಎರಡಕ್ಕೂ ಬೇರೆ ಬೇರೆ ನೋಟ್ಸ್ ಇಟ್ಟಿರುವುದೇ ಕಾರಣ. ದಾವಣಗೆರೆಯಲ್ಲಿ ಓದುವಾಗ ನನಗೂ ಹೀಗೇ ಆಗಿತ್ತು.

ಮೊದಲು ಒಂದೇ ನೋಟ್‌ಬುಕ್ ಮಾಡಿ. ಎಡಪುಟಕ್ಕೆ ಘಟನೆ, ಬಲಪುಟಕ್ಕೆ ವಿಚಾರ. ಕ್ರಿ.ಪೂ. 404ರಿಂದ ಶುರು ಮಾಡಿ. ಅಥೆನ್ಸ್ ಸ್ಪಾರ್ಟಾಕ್ಕೆ ಸೋತಿತು, ಮೂವತ್ತು ಜನರ ಕ್ರೂರ ಆಡಳಿತ ಬಂತು, ಮರುವರ್ಷ ಪ್ರಜಾಪ್ರಭುತ್ವ ಮರಳಿತು. ಆ ಮೂವತ್ತರಲ್ಲಿ ಮುಂದಾಳು ಕ್ರಿಟಿಯಾಸ್. ಅವನು ಪ್ಲೇಟೋನ ಗುರು ಸಾಕ್ರಟೀಸನ ಒಡನಾಡಿ, ಪ್ಲೇಟೋಗೆ ತಾಯಿ ಕಡೆಯ ನೆಂಟ! 399ರಲ್ಲಿ, ಮರಳಿ ಬಂದ ಆ ಪ್ರಜಾಪ್ರಭುತ್ವದ ನ್ಯಾಯಾಲಯವೇ ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟು ವಿಷ ಕುಡಿಸಿತು. ಇಷ್ಟು ಬರೆದುಕೊಂಡ ಮೇಲೆ 'ಅಪಾಲಜಿ' ಓದಿ; ವಿಚಾರಣೆಯಲ್ಲಿ ಸಾಕ್ರಟೀಸ್ ತನ್ನ ಪರವಾಗಿ ಆಡಿದ ಮಾತುಗಳನ್ನು ಪ್ಲೇಟೋ ಬರೆದ ಕೃತಿ ಅದು. ಪ್ಲೇಟೋಗೆ ಪ್ರಜಾಪ್ರಭುತ್ವದ ಮೇಲೆ ಅಷ್ಟೊಂದು ಅಸಮಾಧಾನ ಯಾಕಿತ್ತು ಅನ್ನುವುದು ಆಗ ಹೊಳೆಯುತ್ತದೆ. ಆದರ್ಶ ರಾಜ್ಯ ಹೇಗಿರಬೇಕು ಅಂತ ಪ್ಲೇಟೋ ಬರೆದ 'ರಿಪಬ್ಲಿಕ್' ಆಮೇಲೆ. ಮೊದಲೇ ಹಿಡಿದರೆ ಸುಮ್ನೆ ತಲೆನೋವು.

ನೀವು ಚಿತ್ರದುರ್ಗದವರೇ ಅಲ್ವಾ? ಒಂದು ಭಾನುವಾರ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. ತಂದೆತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು ಅನ್ನುತ್ತದೆ ಅಲ್ಲಿನ ಅಶೋಕನ ಶಾಸನ. ರಾಜನ ಆಜ್ಞೆಯೂ ಅದೇ, ನೀತಿಯೂ ಅದೇ. ಅದನ್ನು ಯಾವ ಪುಟಕ್ಕೆ ಬರೆಯಬೇಕು ಅಂತ ಯೋಚಿಸಿ ನೋಡಿ. ನಾನು ಎರಡಕ್ಕೂ ಬರೆದೆ.